ನಿರ್ಣಯ ಸಂಖ್ಯೆ ನಾಲ್ಕು

ಕಲ್ಸಂಕದ ಜೆರಾಕ್ಸ್ ಅಂಗಡಿಯ ಮೇಲೆ
ನಮ್ಮ ಕಲಾ ಬಳಗದ ಕೋಣೆ.
ಹದಿನೇಳು ಕುರ್ಚಿ, ಒಂದಕ್ಕೆ ಕಾಲು ಕುಂಟು.
ಕಾರ್ಯದರ್ಶಿ ಕೆದಿಲಾಯರು ಕನ್ನಡಕ ಏರಿಸಿ ಓದಿದರು:
‘ಜಾತಿ, ಬಣ್ಣ, ಬುಡಕಟ್ಟು, ಯಾವ ಭೇದವನ್ನೂ
ಈ ಬಳಗ ಮಾಡುವುದಿಲ್ಲ, ಮಾಡಿಲ್ಲ.’
ಚಪ್ಪಾಳೆಗೆ ಎತ್ತಿದ ಕೈ ಇನ್ನೂ ಕೂಡಿರಲಿಲ್ಲ,
ಹಿಂದಿನ ಸಾಲಿನಿಂದ ಪ್ರಮೋದಿನಿ:
‘ಮಾಡುವುದಿಲ್ಲ, ಆಯ್ತು.
ಮಾಡಿಲ್ಲ ಅನ್ನುವುದಕ್ಕೆ ಲೆಕ್ಕಪುಸ್ತಕ ಉಂಟಾ?’

ಉಂಟು. ಕಪಾಟಿನ ಕೆಳಗಿನ ಖಾನೆಯಲ್ಲಿ,
ಬೆಳ್ಳಿಮೀನು ತಿಂದು ಬಿಟ್ಟ ಮೂವತ್ತೊಂದು ವರ್ಷ.
ಮೈಕಿನ ಶೇಖರ ಬಂಗೇರರಿಗೆ ಇಷ್ಟು.
ಪರದೆ ಹೊಲಿದ ಗಿಲ್ಬರ್ಟ್ ಮಿನೇಜಸರಿಗೆ ಇಷ್ಟು.
ಮುಖವರ್ಣಿಕೆ: ನನ್ನ ಹೆಸರು, ಇನಿಶಿಯಲ್ ಸಮೇತ.
ಡೋಲಿನವರು: ಅಕ್ಕಿ ಎರಡು ಸೇರು, ತೆಂಗಿನಕಾಯಿ ಒಂದು.
ಮರುವರ್ಷವೂ ಡೋಲಿನವರು.
ಅದರ ಮರುವರ್ಷ
ಅದೂ ಇಲ್ಲ, ಮೇಲಿನಂತೆ ಎಂದು ಎರಡು ಚುಕ್ಕೆ.

‘ಆ ಚುಕ್ಕೆಯಲ್ಲಿ ಒಂದು ನನ್ನ ಅಜ್ಜ,’ ಅಂದಳು.
‘ಶನಿವಾರ ಹುಟ್ಟಿದ್ದಕ್ಕೆ ತನಿಯ.
ಹೆಸರಿಡಲು ನಮಗೆ ವಾರ ಸಾಕಿತ್ತು.
ಅಷ್ಟು ಸಣ್ಣ ಹೆಸರನ್ನೂ ನೀವು ಬರೆಯಲಿಲ್ಲ.’

ಗೇಟಿನ ಹೊರಗೆ, ಬಾದಾಮಿ ಮರದ ಬುಡ ಅವರ ಜಾಗ.
ಒಳಗೆ ದೀಪ ಹತ್ತುವ ತನಕ ಬಾರಿಸಬೇಕು,
ಹತ್ತಿದ ಮೇಲೆ ಬಾರಿಸಬಾರದು.
ದೀಪ ಕಾಣದವರಿಗೆ ಹೊತ್ತು ತಿಳಿಯುವುದು ಹೇಗೆ
ಎಂದು ಯಾರೂ ಕೇಳಿರಲಿಲ್ಲ, ನಾನೂ.

ನಾನು ಬಾಯಿ ಬಿಡಲಿಲ್ಲ. ಬಿಟ್ಟರೆ
ಹನ್ನೊಂದು ವರ್ಷದ ಹುಡುಗನೊಬ್ಬ ಹೊರಗೆ ಬೀಳುತ್ತಿದ್ದ:
ಅಷ್ಟಮಿಯ ಮರುದಿನ, ಚಿಮಿಣಿಯ ಮಸಿಗೆ ಕೊಬ್ಬರಿ ಎಣ್ಣೆ ಕಲಸಿ
ಮೈಗೆ ಬಳಿದು, ತಲೆಗೆ ಮುಟ್ಟಾಳೆ,
ಡಾಲ್ಡಾ ಡಬ್ಬಿ ಬಡಿಯುತ್ತ, ಇಲ್ಲದ ಭಾಷೆ ಒದರುತ್ತ
ಅಂಗಡಿಯಿಂದ ಅಂಗಡಿಗೆ ಕೊರಗ ವೇಷ.
ನಾಲ್ಕಾಣೆ, ಎಂಟಾಣೆ, ಹೊಟ್ಟೆ ಹಿಡಿದು ನಗು.
ಓಣಿಯಲ್ಲಿ ತನಿಯ ಎದುರಾದ, ಬುಟ್ಟಿಯ ಹೊರೆ ಹೊತ್ತು.
ನನ್ನನ್ನು ನೋಡಿ, ಅಭ್ಯಾಸದಿಂದ,
ಚರಂಡಿಗೆ ಇಳಿದು ದಾರಿ ಬಿಟ್ಟ.

ದೊಡ್ಡವನಾಗಿ ಬೇರೆ ಮಕ್ಕಳಿಗೆ ನಾನೇ ಕಲಸಿದೆ ಆ ಮಸಿ.
ಆಮೇಲೆ ನಿಷೇಧ ಬಂತು.
ಡಬ್ಬಿ ಪೆಟ್ಟಿಗೆಯಲ್ಲೇ ಉಳಿಯಿತು.

ಕೆದಿಲಾಯರು ನೀರು ಕುಡಿದರು. ಇನ್ನೊಮ್ಮೆ ಕುಡಿದರು.
ಮಣಿಪಾಲದ ಬಸ್ಸಿಗೆ ಹೊತ್ತಾಯಿತೆಂದು ನಾಲ್ವರು ಎದ್ದರು,
ಅವರಲ್ಲಿ ಇಬ್ಬರ ಮನೆ ಇಲ್ಲೇ ಕಡಿಯಾಳಿಯಲ್ಲಿ.
‘ಮಾಡಿಲ್ಲ’ವನ್ನು ಹೊಡೆದು ಹಾಕಿ
ಮೇಲೆ ಸಣ್ಣಗೆ ‘ಮಾಡಿದ್ದೇವೆ’ ಎಂದು ಬರೆಯುವಾಗ
ಪೆನ್ನು ಕಾಗದ ತೂತು ಮಾಡಿತು.
ನಿರ್ಣಯ ಐದರ ತಲೆಯಲ್ಲಿ ಈಗಲೂ ಆ ತೂತು ಉಂಟು.

ಈ ಸಲದ ನಾಟಕಕ್ಕೆ ಪ್ರಮೋದಿನಿ ರಾಣಿ.
ಕಾಡಿನ ರಾಣಿಯಲ್ಲ, ಊರಿನದ್ದೇ.
ಕನ್ನಡಿಯ ಮುಂದೆ ಕೂತಳು, ನಾನು ಪೆಟ್ಟಿಗೆ ತೆರೆದೆ.
ಮೂವತ್ತೆಂಟು ವರ್ಷದ ಕೈ ಅಲ್ಲೇ ನಿಂತಿತು.
ಸಫೇತ ಉಂಟು, ಅರದಾಳ, ಇಂಗಳೀಕ ಉಂಟು,
ಗುಲಾಬಿಯ ನಾಲ್ಕು ಬಗೆ, ಗೋಧಿಯ ಮೂರು,
ರಕ್ಕಸರಿಗೆ ಕಪ್ಪು, ಅಣಕಕ್ಕೆ ಕಪ್ಪು.
ಈ ಹುಡುಗಿಯ ಕೆನ್ನೆ ಮಾತ್ರ
ನನ್ನ ಪೆಟ್ಟಿಗೆಯಲ್ಲಿ ಎಲ್ಲೂ ಇಲ್ಲ.

ಅಂಗೈಯಲ್ಲೇ ಕಲಸಿದೆ. ಹಳದಿ, ಚೂರು ಕೆಂಪು,
ಆ ಡಬ್ಬಿಯಿಂದ ಉಗುರಿನ ತುದಿಯಷ್ಟು ಮಸಿ.
ಹಚ್ಚಿದೆ.
‘ಇನ್ನೂ ಬೆಳ್ಳಗಾಯ್ತು, ಮಾಮ.’
ಒರೆಸಿದೆ. ಒರೆಸುವ ಎಣ್ಣೆಯ ವಾಸನೆ ಅದೇ.
ಮತ್ತೆ ಕಲಸಿದೆ.
‘ಇದು ನಾನಲ್ಲ.’

ಪರದೆಯ ಈಚೆ, ಮೊದಲ ಸಲ ಈಚೆ,
ಅವಳ ಚಿಕ್ಕಪ್ಪ ಅಂಗಾರ ಡೋಲಿನ ಹಗ್ಗ ಬಿಗಿಯುತ್ತಿದ್ದಾನೆ.
ಕರಪತ್ರದಲ್ಲಿ ಅವನ ಹೆಸರು ಅಚ್ಚಾಗಿದೆ,
ಅಂಗರ ಎಂದು, ದೀರ್ಘ ತಪ್ಪಿ.
ಅವನು ಪೆನ್ನು ಕೇಳಿ ಪಡೆದು
ಒಂದೊಂದೇ ಪ್ರತಿಯಲ್ಲಿ ತಿದ್ದುತ್ತಿದ್ದಾನೆ, ಇನ್ನೂರು ಪ್ರತಿ.

ಗಂಟೆಗೆ ಹತ್ತು ನಿಮಿಷ.
ಅವಳ ಕೈಯನ್ನು ನನ್ನ ಕೈಯ ಪಕ್ಕಕ್ಕಿಟ್ಟು
ದೀಪದ ಕೆಳಗೆ ನೋಡುತ್ತೇನೆ,
ಮೂರನೆಯ ಸಲಕ್ಕೆ ಅಂಗೈ ತೊಳೆದು.